ದತ್ತು ಪಡೆದ ಚಿಪ್ಪಿಪಾರೈ, ಮುಧೋಳ ನಾಯಿ ಜತೆ ಕಾರಲ್ಲಿ ಊರಿಗೆ ಹೊರಟಿದ್ದೀರಾ? ಅಪಾಯ ಇರುವುದು ಬಾಗಿಲು ತೆರೆಯುವ ಆ ಒಂದು ಕ್ಷಣದಲ್ಲಿ!

ಚೆನ್ನೈ: ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಚೆನ್ನೈನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೋಗುವ ಮಾತು ಶುರುವಾಗುತ್ತದೆ. ಮನೆ ಮುಂದೆ ಇನ್ನೋವಾನೋ ಎರ್ಟಿಗಾನೋ ಇದ್ದರೆ ಅಜ್ಜಿ, ಮಕ್ಕಳು, ಉಪ್ಪಿನಕಾಯಿ ಡಬ್ಬ ಎಲ್ಲವೂ ಅದರೊಳಗೆ ಹಿಡಿಯುತ್ತವೆ. ಆದರೆ ಮನೆಯಲ್ಲಿ ಆಶ್ರಯ ಕೇಂದ್ರದಿಂದ ತಂದ ಎರಡು ಉದ್ದ ಕಾಲಿನ ಬೇಟೆನಾಯಿಗಳೂ ಇದ್ದರೆ?

ನಮ್ಮ ಅಕ್ಕನ ಮನೆಯ ಕಥೆ ಇದೇ. ಚೆನ್ನೈನಲ್ಲಿ ದತ್ತು ಪಡೆದ ಎರಡು ಚಿಪ್ಪಿಪಾರೈ ನಾಯಿಗಳನ್ನು ಕೂರಿಸಿಕೊಂಡು ಅಕ್ಕ, ಭಾವ ಬೆಂಗಳೂರಿಗೆ ಹೊರಟಿದ್ದರು. ಕೃಷ್ಣಗಿರಿ ಹತ್ತಿರ ಕಾಫಿಗೆಂದು ಗಾಡಿ ನಿಲ್ಲಿಸಿದರು. ಆರು ವರ್ಷದ ಮಗ ಹಿಂದಿನ ಬಾಗಿಲು ತೆಗೆದ. ಅಷ್ಟೇ. ರಾಣಿ ಎಂಬ ಹೆಣ್ಣು ನಾಯಿ ಕಾಲರ್‌ನಿಂದ ತಲೆ ಜಾರಿಸಿಕೊಂಡು ರಸ್ತೆ ಪಕ್ಕದ ಮಾವಿನ ತೋಟದೊಳಗೆ ಮಾಯವಾಯಿತು. ಮತ್ತೆ ಸಿಕ್ಕಿದ್ದು 40 ನಿಮಿಷದ ನಂತರ. ಹೆದ್ದಾರಿ ಕಡೆ ಓಡದೆ ತೋಟದ ಕಡೆ ಓಡಿದ್ದು ಅದೃಷ್ಟ, ಬೇರೇನೂ ಅಲ್ಲ.

ಏನಿವು ಸೈಟ್‌ಹೌಂಡ್?

ಹೆಚ್ಚಿನ ಬೇಟೆನಾಯಿಗಳು ಮೂಗು ನಂಬಿ ನಡೆಯುತ್ತವೆ. ಸೈಟ್‌ಹೌಂಡ್‌ಗಳು ನಂಬುವುದು ಕಣ್ಣನ್ನು. ದೂರದಲ್ಲಿ ಏನೋ ಅಲುಗಾಡಿದ್ದು ಕಂಡರೆ ಯೋಚಿಸುವ ಮೊದಲೇ ಓಟ ಶುರು. ದಕ್ಷಿಣ ತಮಿಳುನಾಡಿನ ಚಿಪ್ಪಿಪಾರೈ ಮತ್ತು ಕನ್ನಿ, ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ಇದೇ ಗುಂಪಿನವು. ಇದೇ ಗುಂಪಿನ ಗ್ರೇಹೌಂಡ್ ಗಂಟೆಗೆ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ನಮ್ಮ ತಳಿಗಳು ಅಷ್ಟು ಓಡದಿದ್ದರೂ ಮನುಷ್ಯನ ಕೈಗೆ ಸಿಗುವ ಮಾತಂತೂ ಇಲ್ಲ.

2020ರ ಆಗಸ್ಟ್ 30ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಮೋದಿ ಮುಧೋಳ, ರಾಜಪಾಳಯಂ, ಕನ್ನಿ, ಚಿಪ್ಪಿಪಾರೈ ಹೆಸರು ಹೇಳಿದ್ದು ನೆನಪಿರಬಹುದು. ದೇಸಿ ತಳಿ ಸಾಕಿ ಎಂಬ ಕರೆ ಒಳ್ಳೆಯದೇ. ಆದರೆ ಕಾವಲಿಗೆಂದು ಮರಿ ತಂದವರಿಗೆ, ಅದು ಬೆಳೆದು ಎರಡು ಅಡಿ ಎತ್ತರವಾಗಿ, ಎರಡು ಬೆಡ್‌ರೂಂ ಫ್ಲ್ಯಾಟ್‌ನಲ್ಲಿ ದಿನಕ್ಕೆ ಎರಡು ಬಾರಿ ಓಟ ಬೇಡುವಾಗ ಸಾಕಾಗಿಹೋಗುತ್ತದೆ. ಚೆನ್ನೈನ ಪ್ರಾಣಿ ರಕ್ಷಕರ ದತ್ತು ಪ್ರಕಟಣೆಗಳಲ್ಲಿ ಈ ತಳಿಗಳ ಹೆಸರು ಕಾಣಿಸುವುದು ಹೊಸತೇನಲ್ಲ.

ಸಾಕಿದ ನಾಯಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ! ಚೆನ್ನೈನಲ್ಲಿ ಗಾಡಿ ಪಾರ್ಕಿಂಗ್‌ಗೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ. ನೋವಾಗುವ ರೀತಿಯಲ್ಲಿ ಪ್ರಾಣಿಯನ್ನು ವಾಹನದಲ್ಲಿ ಸಾಗಿಸುವುದೂ ಇದೇ ಸೆಕ್ಷನ್‌ನಡಿ ಅಪರಾಧ.

ಜಾಗ ಇದ್ದರೆ ಸಾಲದು, ಅದು ಸಮತಟ್ಟಾಗಿರಬೇಕು

ಈ ನಾಯಿಗಳಿಗೆ ಲ್ಯಾಬ್ರಡಾರ್‌ನಂತೆ ಸೀಟಿನ ಮೇಲೆ ಕುಳಿತು ಬರುವುದು ಕಷ್ಟ. ಕಾಲು ಉದ್ದ, ಎದೆ ಆಳ, ಸೊಂಟ ಸಣ್ಣ. ಒಂದೋ ಉದ್ದಕ್ಕೆ ಮಲಗುತ್ತವೆ, ಇಲ್ಲವೇ ನಿಂತೇ ಇರುತ್ತವೆ. ನಿಂತ ನಾಯಿ ಪ್ರತಿ ಬ್ರೇಕ್‌ಗೂ ಮುಗ್ಗರಿಸುತ್ತದೆ. ಹಾಗಾಗಿ ಏಳು ಸೀಟಿನ ಗಾಡಿ ಇವಕ್ಕೆ ಹೇಳಿ ಮಾಡಿಸಿದಂತಿದೆ. ಎರ್ಟಿಗಾದ ಮೂರನೇ ಸಾಲು ಮಡಚಿದರೆ ಸಮನಾದ ಜಾಗ ಸಿಗುತ್ತದೆ. ಇನ್ನೋವಾ ಕ್ರಿಸ್ಟಾದಲ್ಲಿ ಸೀಟು ಎರಡೂ ಪಕ್ಕಕ್ಕೆ ಮೇಲೆ ಮಡಚಿಕೊಳ್ಳುವುದರಿಂದ ಅಗಲ ಸ್ವಲ್ಪ ಕಡಿಮೆ. ಸಿಎನ್‌ಜಿ ಗಾಡಿಯಾದರೆ ಡಿಕ್ಕಿಯಲ್ಲಿ ಸಿಲಿಂಡರ್ ಇರುತ್ತದೆ, ಮೊದಲೇ ಅಳತೆ ನೋಡಿಕೊಳ್ಳಿ.

ಕೆಳಗೆ ಬರೀ ಬೆಡ್‌ಶೀಟ್ ಹಾಸಿದರೆ ಸಾಲದು. ಇವುಗಳ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು. ಮೊಣಕೈ, ಸೊಂಟದ ಮೂಳೆ ನೇರವಾಗಿ ನೆಲಕ್ಕೆ ಒತ್ತುತ್ತದೆ. ಹಳೇ ಹಾಸಿಗೆ ಅಥವಾ ದಪ್ಪ ಫೋಮ್ ಹಾಕಿ, ಅದು ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್ ಇಡಿ. ಸೀಟಿನ ಕಬ್ಬಿಣದ ಕೊಕ್ಕೆ, ಬೋಲ್ಟ್‌ಗಳ ಮೇಲೆ ಬಟ್ಟೆ ಸುತ್ತಿ. ಬೇರೆ ನಾಯಿಗೆ ಗೀರು ಬೀಳುವ ಕಡೆ ಇವಕ್ಕೆ ಚರ್ಮವೇ ಹರಿದು ಹೊಲಿಗೆ ಹಾಕಿಸಬೇಕಾದೀತು.

ಮಧ್ಯದ ಸಾಲಿನಲ್ಲಿ ಬಿಡಿ ಬಿಡಿ ಸೀಟುಗಳಿದ್ದರೆ ನಡುವಿನ ಸಂದಿಗೆ ತಡೆಬಲೆ ಕಟ್ಟಲೇಬೇಕು. ಇಲ್ಲದಿದ್ದರೆ ವೆಲ್ಲೂರು ತಲುಪುವ ಮೊದಲೇ ಒಂದು ಉದ್ದ ಮೂತಿ ಗೇರ್ ಮೇಲೆ ಬಂದು ಕೂತಿರುತ್ತದೆ.

ಬಿಸಿಲು ಶುರುವಾಗುವ ಮೊದಲು ಎಷ್ಟು ದೂರ?

ಚೆನ್ನೈನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಸೂರ್ಯ ನೆತ್ತಿಗೆ ಬರುವ ಮೊದಲೇ ಹೊಸೂರು ದಾಟಬಹುದು. ನಾಯಿ ಮುಖ್ಯವಾಗಿ ಏದುಸಿರಿನ ಮೂಲಕವೇ ಮೈ ತಂಪಾಗಿಸಿಕೊಳ್ಳುವುದು. ಚೆನ್ನೈನಂಥ ತೇವದ ಗಾಳಿಯಲ್ಲಿ ಅದೂ ಸರಿಯಾಗಿ ನಡೆಯುವುದಿಲ್ಲ. 2003ರ ಮೇ 31ರಂದು 45 ಡಿಗ್ರಿ ಕಂಡ ಊರಿದು. ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪಮಾನ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಎರಡು ಇಂಚು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗದು. 'ಐದೇ ನಿಮಿಷ ತಿಂಡಿ ತಿಂದು ಬರ್ತೀವಿ' ಎಂಬ ಮಾತು ಬೇಡ. ಒಬ್ಬರು ಎಸಿ ಹಾಕಿಕೊಂಡು ಗಾಡಿಯಲ್ಲೇ ಇರಲಿ, ಸರದಿಯಲ್ಲಿ ತಿನ್ನಿ.

ಅಂಟು ಜೊಲ್ಲು, ಕಡುಕೆಂಪಾದ ವಸಡು, ತೂರಾಟ ಕಂಡರೆ ಬಿಸಿಲಾಘಾತ ಎಂದು ತಿಳಿಯಿರಿ. ತಕ್ಷಣ ಸಾಮಾನ್ಯ ನೀರು ಸುರಿದು ಗಾಳಿ ಬೀಸಿ. ಆಸ್ಪತ್ರೆಗೆ ಹೊರಡುವುದು ಅದರ ನಂತರ. ಮೊದಲು ಮೈ ತಣಿಯಬೇಕು.

ಹೊರಡುವುದಕ್ಕೆ ನಾಲ್ಕೈದು ಗಂಟೆ ಮೊದಲೇ ಊಟ ಮುಗಿಸಿಬಿಡಿ. ಎದೆ ಆಳವಾಗಿರುವ ತಳಿಗಳಲ್ಲಿ ಹೊಟ್ಟೆ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ. ಇನ್ನೊಂದು ಮುಖ್ಯ ವಿಷಯ ನಿದ್ದೆ ಮಾತ್ರೆ. ಪಕ್ಕದ ಮನೆಯ ನಾಯಿಗೆ ಕೊಟ್ಟಿದ್ದೆವು ಎಂದು ನೀವೂ ಕೊಡಬೇಡಿ. ಸೈಟ್‌ಹೌಂಡ್‌ಗಳ ದೇಹ ಕೆಲವು ಅರಿವಳಿಕೆ ಔಷಧಿಗಳನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ. ತಳಿ ಯಾವುದೆಂದು ಹೇಳಿ ಪಶುವೈದ್ಯರನ್ನೇ ಕೇಳಿ. ಚೆನ್ನೈನಲ್ಲಿದ್ದವರಿಗೆ ವೇಪೇರಿಯ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಬಾಗಿಲು ತೆರೆಯುವ ಮೊದಲು...

ಮರಿಯಿಂದ ಸಾಕಿದ ನಾಯಿಗೆ ಕಾರು ಎಂದರೆ ಮನೆಯ ಇನ್ನೊಂದು ಕೋಣೆ. ರಕ್ಷಿಸಿ ತಂದ ನಾಯಿಗೆ ಹಾಗಲ್ಲ. ಯಾರೋ ಕಾರಲ್ಲಿ ಕೂರಿಸಿಕೊಂಡು ಹೋಗಿ ಎಲ್ಲೋ ಇಳಿಸಿದ್ದೇ ಅದರ ಕೊನೆಯ ಪ್ರಯಾಣವಾಗಿರಬಹುದು. ಹಾಗಾಗಿ ಮೊದಲ ವಾರ ನಿಂತ ಗಾಡಿಯಲ್ಲೇ ಹತ್ತಿಸಿ ತಿಂಡಿ ಕೊಡಿ, ಆಮೇಲೆ ಬೀದಿ ಸುತ್ತಿಸಿ, ನಂತರ ಒಂದು ಭಾನುವಾರ ಬೆಳಿಗ್ಗೆ ಇಸಿಆರ್‌ನಲ್ಲಿ ಮಹಾಬಲಿಪುರದವರೆಗೆ ಹೋಗಿ ಬನ್ನಿ.

ಇವುಗಳ ತಲೆ ಕುತ್ತಿಗೆಗಿಂತ ಸಣ್ಣದು. ಸಾಮಾನ್ಯ ಕಾಲರ್ ಹಿಂದಕ್ಕೆ ಎಳೆದರೆ ಬಳೆಯಂತೆ ಜಾರಿ ಬರುತ್ತದೆ. ರಾಣಿ ತಪ್ಪಿಸಿಕೊಂಡಿದ್ದು ಹೀಗೆಯೇ. ಎಳೆದಾಗ ತಾನೇ ಬಿಗಿಯಾಗುವ ಅಗಲ ಪಟ್ಟಿಯ ಮಾರ್ಟಿಂಗೇಲ್ ಕಾಲರ್, ಜತೆಗೆ ಸೊಂಟದವರೆಗೆ ಬರುವ ಹಾರ್ನೆಸ್, ಎರಡಕ್ಕೂ ಬೇರೆ ಬೇರೆ ಹಗ್ಗ. ಓಡುವ ಗಾಡಿಯಲ್ಲಿ ಸೀಟ್ ಬೆಲ್ಟ್‌ಗೆ ಸಿಕ್ಕಿಸುವುದು ಹಾರ್ನೆಸ್ ಅನ್ನು ಮಾತ್ರ, ಕಾಲರ್ ಅನ್ನು ಎಂದಿಗೂ ಅಲ್ಲ. ದಿಢೀರ್ ಬ್ರೇಕ್ ಹಾಕಿದರೆ ಕುತ್ತಿಗೆಗೇ ಪೆಟ್ಟು.

ಚೈಲ್ಡ್ ಲಾಕ್, ಕಿಟಕಿ ಲಾಕ್ ಎರಡೂ ಹಾಕಿರಲಿ. ಗಾಡಿ ನಿಂತಾಗ ಒಬ್ಬರು ಒಳಗಿನಿಂದಲೇ ಎರಡೂ ಹಗ್ಗ ಕೈಗೆ ಸುತ್ತಿಕೊಂಡು 'ಹಿಡಿದಿದ್ದೀನಿ' ಎನ್ನಬೇಕು. ಆಮೇಲಷ್ಟೇ ಇನ್ನೊಬ್ಬರು ಬಾಗಿಲು ತೆಗೆಯಬೇಕು. ಈಗ ಅಕ್ಕನ ಮನೆಯಲ್ಲಿ ಆ ಆರು ವರ್ಷದವನೇ 'ಹಿಡಿದಿದ್ದೀರಾ?' ಎಂದು ಕೂಗುತ್ತಾನೆ. ಡಿಕ್ಕಿ ಬಾಗಿಲು ಒಮ್ಮೆಲೇ ಪೂರ್ತಿ ತೆರೆದುಕೊಳ್ಳುವುದರಿಂದ ನಾಯಿಯನ್ನು ಆದಷ್ಟು ಪಕ್ಕದ ಬಾಗಿಲಿನಿಂದಲೇ ಇಳಿಸಿ. ನಿಲ್ಲಿಸುವ ಜಾಗ ನೋಡಿಕೊಳ್ಳಿ. ಆಂಬೂರಿನ ಬಿರಿಯಾನಿ ಹೋಟೆಲ್‌ಗಳ ಮುಂದೆ ನಮಗೆ ಬಾಯಲ್ಲಿ ನೀರೂರಬಹುದು, ಆದರೆ ಮೂಳೆಗೆ ಕಾದಿರುವ ಬೀದಿನಾಯಿಗಳ ನಡುವೆ ಹೆದರಿದ ನಾಯಿಯನ್ನು ಇಳಿಸುವುದು ಬೇಡ. ಮೇಕೆ ಮೇಯುವ ಬಯಲೂ ಬೇಡ.

ಇಷ್ಟಾಗಿಯೂ ತಪ್ಪಿಸಿಕೊಂಡರೆ?

ಬೆನ್ನಟ್ಟಬೇಡಿ. ನೀವು ಓಡಿದಷ್ಟೂ ಅದು ಓಡುತ್ತದೆ. ನಿಂತಲ್ಲೇ ಕುಕ್ಕರಗಾಲಲ್ಲಿ ಕುಳಿತು, ಮುಖ ಪಕ್ಕಕ್ಕೆ ತಿರುಗಿಸಿ, ತಿಂಡಿ ಪೊಟ್ಟಣದ ಸದ್ದು ಮಾಡಿ. ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ. ಇನ್ನೊಂದು ನಾಯಿ ಒಳಗಿದ್ದರೆ ಅದರ ದನಿಯೇ ದೊಡ್ಡ ಆಸರೆ. ರಾಣಿ ವಾಪಸ್ ಬಂದಿದ್ದು ಯಾರ ಕೂಗಿಗೂ ಅಲ್ಲ, ಗಾಡಿಯೊಳಗಿಂದ ಅದರ ಜೋಡಿ ಬೊಗಳುತ್ತಿದ್ದುದನ್ನು ಕೇಳಿ. ಕತ್ತಲಾದರೂ ಸಿಗದಿದ್ದರೆ ಒಬ್ಬರಾದರೂ ಅಲ್ಲೇ ಉಳಿಯಿರಿ, ಅದು ಮಲಗುತ್ತಿದ್ದ ಹಾಸಿಗೆಯನ್ನು ಅಲ್ಲೇ ಬಿಡಿ.

ಕಾಲರ್ ಮೇಲೆ ಮೊಬೈಲ್ ನಂಬರ್ ಹೊಲಿಸಿರಿ, ಮೈಕ್ರೋಚಿಪ್ ಹಾಕಿಸಿ. ರೇಬಿಸ್ ಲಸಿಕೆ ಪುಸ್ತಕ, ಚೆನ್ನೈ ಪಾಲಿಕೆಯ ಸಾಕುನಾಯಿ ಲೈಸೆನ್ಸ್, ದತ್ತು ಪತ್ರ, ನಾಯಿಯ ಎರಡೂ ಬದಿಯ ಫೋಟೊ ಮೊಬೈಲ್‌ನಲ್ಲಿ ಇರಲಿ.

ರೈಲಿನಲ್ಲಿ ಹೋಗಬಹುದಲ್ಲ ಎಂದು ಕೇಳಬಹುದು. ಹೋಗಬಹುದು. ಆದರೆ ಎಸಿ ಫಸ್ಟ್ ಕ್ಲಾಸ್‌ನ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದೇ ಬುಕಿಂಗ್ ಆಗಿರಬೇಕು, ಇಲ್ಲವಾದರೆ ಬ್ರೇಕ್ ವ್ಯಾನಿನ ನಾಯಿ ಪೆಟ್ಟಿಗೆ. ಹೆದರಿದ ನಾಯಿಗೆ ಅದು ಖಂಡಿತ ಬೇಡ.

ಊರು ತಲುಪಿದ ಮೇಲೂ ಹಗ್ಗ ಬಿಚ್ಚುವ ಆತುರ ಬೇಡ. ಗೇಟು ಹಾಕಿ, ಕಾಂಪೌಂಡ್ ಗೋಡೆ ಎಷ್ಟು ಎತ್ತರ ಇದೆ ನೋಡಿ. ನಾಲ್ಕಡಿ ಗೋಡೆಯನ್ನು ಇವು ಸುಲಭವಾಗಿ ಹಾರುತ್ತವೆ. ಕೋಳಿ ಸಾಕಿರುವ ಅಜ್ಜಿ ಮನೆಯಾದರೆ ಮೊದಲು ಕೋಳಿಗಳನ್ನು ಗೂಡಿಗೆ ಸೇರಿಸಿ.