ಬೆಳಿಗ್ಗೆ ಹೊತ್ತಿ ದಾರಿಯಲ್ಲಿ ಆರುವ ಟೈರ್ ದೀಪ

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ನನ್ನ ಸಣ್ಣ ಕಾರಿನಲ್ಲಿ ಟೈರ್ ಗಾಳಿಯ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಸ್ವಲ್ಪ ದೂರ ಓಡಿಸಿದರೆ ತಾನಾಗಿಯೇ ಆರುತ್ತದೆ. ದೀಪ ಕೆಟ್ಟಿದೆಯೇ?

ಉತ್ತರ: ದೀಪ ಸರಿಯಾಗಿಯೇ ಇದೆ, ಗಾಳಿ ಕಮ್ಮಿಯಿದೆ. ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ತಗ್ಗುತ್ತದೆ. ಮೊದಲೇ ಅಂಚಿನಲ್ಲಿದ್ದ ಟೈರು ರಾತ್ರಿಯ ಚಳಿಗೆ ಗೆರೆ ದಾಟುತ್ತದೆ; ಓಡಿ ಬಿಸಿಯಾದಾಗ ಒತ್ತಡ ಏರಿ ದೀಪ ಆರುತ್ತದೆ. ಆರಿತಲ್ಲ ಎಂದು ಸುಮ್ಮನಾದರೆ ಟೈರಿನ ಅಂಚು ಸವೆಯುತ್ತದೆ, ಕಾರು ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ.

ನಿಮ್ಮ ಕಾರಿನಲ್ಲಿ ಬಹುಶಃ ಪ್ರತಿ ಚಕ್ರದೊಳಗೂ ಒತ್ತಡ ಅಳೆಯುವ ಸೆನ್ಸರ್ ಇದೆ. ಕೆಲವು ಕಾರುಗಳಲ್ಲಿ ಅದಿರುವುದಿಲ್ಲ. ಅಲ್ಲಿ ಎಬಿಎಸ್ ಬ್ರೇಕಿನ ಸೆನ್ಸರುಗಳೇ ಚಕ್ರದ ಸುತ್ತು ಎಣಿಸುತ್ತವೆ. ಗಾಳಿ ಇಳಿದ ಚಕ್ರ ತುಸು ಕಿರಿದಾಗಿ, ಉಳಿದವಕ್ಕಿಂತ ಬೇಗ ತಿರುಗುತ್ತದೆ. ಕಳ್ಳ ಸಿಕ್ಕಿಬೀಳುವುದು ಹಾಗೆ. ಜಾಣ ಉಪಾಯವೇ, ಆದರೆ ನಾಲ್ಕೂ ಒಟ್ಟಿಗೆ ಇಳಿದರೆ ಸಾಮಾನ್ಯವಾಗಿ ಅದಕ್ಕೆ ಗೊತ್ತಾಗುವುದಿಲ್ಲ. ಅಂಥ ಕಾರಿನಲ್ಲಿ ಗಾಳಿ ಹೊಡೆಸಿದ ಮೇಲೆ ರೀಸೆಟ್ ಮಾಡಬೇಕು.

ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಹಾಗೇ ಉರಿದರೆ, ಅದು ಸಾಮಾನ್ಯವಾಗಿ ಸೆನ್ಸರಿನ ತಕರಾರು. ಒಂದೇ ಚಕ್ರ ಪದೇ ಪದೇ ಇಳಿಯುತ್ತಿದ್ದರೆ ಪಂಕ್ಚರ್ ಅಂಗಡಿಗೆ ನಡೆಯಿರಿ.

ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಸರಿಯಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿರುತ್ತದೆ. ಟೈರು ತಣ್ಣಗಿರುವಾಗಲೇ ಹತ್ತಿರದ ಬಂಕ್‌ಗೆ ಹೋಗಿ, ಸ್ಟೆಪ್ನಿಗೂ ಗಾಳಿ ಹೊಡೆಸಿ.