ಕಳ್ಳನ ಮನೆಯಲ್ಲಿ ಒಂದು ಮಧ್ಯಾಹ್ನ

ಟಿಕೆಟ್ ಕೌಂಟರಿನಲ್ಲಿದ್ದ ಮಹಿಳೆ ಹೆಡ್‌ಫೋನ್ ಕೈಗಿಟ್ಟು ಒಳಗೆ ಹೋಗಿ ಎಂದು ಬಾಗಿಲು ತೋರಿಸಿದರು. ಅಲ್ಲಿಂದ ಮುಂದೆ ನನ್ನ ಕಿವಿಯಲ್ಲಿ ಮಾತಾಡಿದವನು ಮನೆ ಯಜಮಾನನಲ್ಲ, ಅವನು ಕತೆಗಳಲ್ಲಿ ಹುಟ್ಟಿಸಿದ ಕಳ್ಳ ಲೂಪಿನ್. ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಎತ್ರೆತಾ ಎಂಬ ಪುಟ್ಟ ಊರಿನಲ್ಲಿ ಲೇಖಕ ಮೋರಿಸ್ ಲೆಬ್ಲಾಂ ಬಾಳಿದ ಮನೆಯಿದು. ಬಾಗಿಲಲ್ಲಿ ಮಾತ್ರ ಅವನ ಹೆಸರಿಲ್ಲ. ‘ಕ್ಲೋ ಲೂಪಿನ್’ ಎಂದೇ ಮನೆಯ ಹೆಸರು. ಲೆಬ್ಲಾಂನ ಮೊಮ್ಮಗಳು 1999ರಲ್ಲಿ ಇದನ್ನು ಮ್ಯೂಸಿಯಂ ಮಾಡಿದರು. ಕಿವಿಯಲ್ಲಿ ಕೇಳುವ ದನಿ ಜಾರ್ಜ್ ದೆಸ್ಕ್ರಿಯೇರ್ ಎಂಬ ನಟನದು, 70ರ ದಶಕದ ಟಿವಿ ಧಾರಾವಾಹಿಯಲ್ಲಿ ಲೂಪಿನ್ ಆಗಿ ಮನೆಮಾತಾದವನು.

ಮೊದಲ ಕೋಣೆಯಲ್ಲಿ ಬರೆಯುವ ಮೇಜು, ಪುಸ್ತಕಗಳು, ಹಳೆ ಕುರ್ಚಿ. ಯಾವ ಸಾಹಿತಿಯ ಸ್ಮಾರಕದಲ್ಲೂ ಕಾಣುವಂಥದ್ದೇ. ಅಲ್ಲಿಂದ ಮುಂದೆ ಬೆಳಕು ಕಮ್ಮಿಯಾಗುತ್ತದೆ, ಲೇಖಕ ಮರೆಗೆ ಸರಿಯುತ್ತಾನೆ. ಎತ್ತರದ ರೇಷ್ಮೆ ಟೋಪಿ, ಕಪ್ಪು ನಿಲುವಂಗಿ, ಒಂಟಿಗಣ್ಣಿನ ಕನ್ನಡಕ, ಬೆತ್ತ ಎಲ್ಲ ಯಜಮಾನ ಈಗಷ್ಟೇ ಕಳಚಿಟ್ಟು ಹೋದ ಹಾಗೆ ಕೂತಿವೆ. ನೆಟ್‌ಫ್ಲಿಕ್ಸಿನಲ್ಲಿ ಓಮರ್ ಸೀ ನಟಿಸಿದ ಸರಣಿ ನೋಡಿದವರಿಗೆ ಈ ಟೋಪಿಯ ಗುರುತು ಹೇಳಬೇಕಾಗಿಲ್ಲ. ಕೊನೆಯ ಕೋಣೆಯಲ್ಲಿ ಸೂಜಿಬಂಡೆಯ ನಿಧಿ. ಹೊಳೆಯುವುದೆಲ್ಲ ನಾಟಕ ಕಂಪನಿಯ ಸಾಮಾನು ಅನ್ನುವುದು ಕಣ್ಣಿಗೆ ಗೊತ್ತಾಗುತ್ತಲೇ ಇರುತ್ತದೆ. ಆದರೂ ನಾನು ಅಲ್ಲಿಂದ ಕದಲಲಿಲ್ಲ, ಹಿಂದಿನಿಂದ ಬಂದ ಕುಟುಂಬವೊಂದು ಕೆಮ್ಮಿ ಎಚ್ಚರಿಸಬೇಕಾಯಿತು.

ಸೂಜಿಬಂಡೆ ಎತ್ರೆತಾದ ಕಡಲಲ್ಲಿ ನಿಜವಾಗಿಯೂ ಇದೆ. ಸುಣ್ಣಕಲ್ಲಿನ ಬಿಳಿ ಗೋಡೆ ಕಮಾನಾಗಿ ನೀರಿಗೆ ಕಾಲಿಟ್ಟ ಜಾಗದ ಪಕ್ಕದಲ್ಲೇ, ಐವತ್ತು ಮೀಟರಿನಷ್ಟು ಎತ್ತರಕ್ಕೆ ಚೂಪಾಗಿ ಒಂಟಿಯಾಗಿ ನಿಂತಿದೆ. ಮೋನೆ ಅದನ್ನು ಮತ್ತೆ ಮತ್ತೆ ಚಿತ್ರಿಸಿದ. ಲೆಬ್ಲಾಂ ಒಂದು ಹೆಜ್ಜೆ ಮುಂದೆ ಹೋಗಿ, ಬಂಡೆ ಒಳಗೆ ಪೊಳ್ಳು, ಫ್ರಾನ್ಸಿನ ದೊರೆಗಳ ಬೊಕ್ಕಸ ಅಲ್ಲಿದೆ, ಈಗ ಅದರ ಒಡೆಯ ಲೂಪಿನ್ ಎಂದು 1909ರ ‘ಪೊಳ್ಳು ಸೂಜಿ’ ಕಾದಂಬರಿಯಲ್ಲಿ ಬರೆದುಬಿಟ್ಟ. ಕಾದಂಬರಿಯ ಪ್ರಕಾರ ಸುರಂಗದ ಸುಳಿವು ದಡದ ಆ ಬಿಳಿ ಗೋಡೆಯ ಮೇಲಿನ ‘ಹುಡುಗಿಯರ ಕೋಣೆ’ ಎಂಬ ಗುಹೆಯಲ್ಲಿ, ಡಿ ಮತ್ತು ಎಫ್ ಎಂಬ ಎರಡು ಅಕ್ಷರಗಳಲ್ಲಿ ಅಡಗಿದೆ. ಗುಹೆಯೂ ನಿಜ. ಏದುಸಿರು ಬಿಡುತ್ತಾ ಹತ್ತಿ ಹೋದೆ. ನಾಲ್ಕು ಜನ ನಿಂತರೆ ತುಂಬಿಹೋಗುವಷ್ಟು ಜಾಗ. ಸುಣ್ಣದ ಗೋಡೆಗೆ ಉಗುರು ತಾಗಿದರೂ ಗೀರು ಬೀಳುತ್ತದೆ, ಹಾಗಾಗಿ ಬಂದವರೆಲ್ಲ ಹೆಸರು ಕೆತ್ತಿ ಹೋಗಿದ್ದಾರೆ. ಆ ಹೆಸರುಗಳ ಕಾಡಿನಲ್ಲಿ ಡಿ ಎಷ್ಟೋ, ಎಫ್ ಎಷ್ಟೋ! ನನ್ನ ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಒತ್ತಿ ನೋಡುತ್ತಿದ್ದ. ಅಪ್ಪ ಕರೆದರೂ ಬರಲೊಲ್ಲ. ಅವನು ಹೋದ ಮೇಲೆ ನಾನೂ ಒಂದೆರಡು ಒತ್ತಿ ನೋಡಿದೆ.

ಈಗ ನನಗೆ ತುಂಬಾ ಇಷ್ಟವಾದ ಸಂಗತಿಗೆ ಬರುತ್ತೇನೆ. ಆ ಕಾದಂಬರಿಯಲ್ಲಿ ಬಂಡೆಯೊಳಗಿನ ಚಿತ್ರಗಳ ನಡುವೆ ಮೋನಾಲಿಸಾ ಕೂಡ ಇದ್ದಾಳೆ; ಪ್ಯಾರಿಸ್ಸಿನ ಲೂವ್ರ್‌ನಲ್ಲಿರಬೇಕಾದ ಅಸಲಿ ಮೋನಾಲಿಸಾ. ಪುಸ್ತಕ ಬಂದು ಎರಡು ವರ್ಷಕ್ಕೆ, 1911ರ ಆಗಸ್ಟ್ 21ರಂದು, ಆಕೆ ನಿಜವಾಗಿಯೇ ಕಳುವಾದಳು! ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿದರು. ಪೊಲೀಸರು ಹಿಡಿದದ್ದು ಯಾರನ್ನು? ಕವಿ ಅಪೊಲಿನೇರ್‌ನನ್ನು. ಪಿಕಾಸೊನನ್ನೂ ಕರೆಸಿ ವಿಚಾರಿಸಿದರು. ಆ ಅಪೊಲಿನೇರ್ ಸ್ವತಃ ಅಗ್ಗದ ಪತ್ತೇದಾರಿ ಪುಸ್ತಕಗಳ ಹುಚ್ಚ. ಅದೇ ವರ್ಷ ಶುರುವಾದ ಫಾಂತೋಮಾಸ್ ಎಂಬ ಕೊಲೆಗಡುಕನ ಸರಣಿಯ ಅಭಿಮಾನಿ ಸಂಘ ಕಟ್ಟಿದವನು.

ನಿಜವಾದ ಕಳ್ಳ ವಿನ್ಸೆಂಜೊ ಪೆರುಜಾ, ಲೂವ್ರ್‌ನ ಚಿತ್ರಗಳಿಗೆ ಗಾಜು ಹಾಕುವ ಕೆಲಸ ಮಾಡಿದ್ದ ಇಟಲಿಯವನು. ಬಿಟ್ಟುಹೋದ ಗಾಜಿನ ಮೇಲೆ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಅವನು ಹಿಂದೆ ಸಿಕ್ಕಿಬಿದ್ದಿದ್ದರಿಂದ ಅವನ ಕಡತವೂ ಪ್ಯಾರಿಸ್ ಪೊಲೀಸರ ಬಳಿಯೇ ಇತ್ತು. ಆದರೂ ಸಿಗಲಿಲ್ಲ. ಏಕೆಂದರೆ ಗುರುತು ಪತ್ತೆ ವಿಭಾಗದ ಮುಖ್ಯಸ್ಥ ಆಲ್ಫೋನ್ಸ್ ಬೆರ್ತಿಯೊಂ ತನ್ನ ಕಾರ್ಡುಗಳನ್ನು ಜೋಡಿಸಿದ್ದು ತಲೆ, ತೋಳು, ಪಾದಗಳ ಅಳತೆಯ ಪ್ರಕಾರ. ಅಳತೆ ಗೊತ್ತಿದ್ದರೆ ಮನುಷ್ಯ ಸಿಗುತ್ತಾನೆ. ಬರೀ ಬೆರಳಚ್ಚು ಕೈಯಲ್ಲಿದ್ದರೆ ಲಕ್ಷಾಂತರ ಕಾರ್ಡುಗಳ ಮುಂದೆ ಕೈಕಟ್ಟಿ ಕೂರಬೇಕು. ಇದಕ್ಕೆ ಹದಿನಾಲ್ಕು ವರ್ಷ ಮೊದಲೇ, 1897ರಲ್ಲಿ, ನಮ್ಮ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ಶುರುವಾಗಿತ್ತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ನೌಕರರು ದುಡಿದು ರೂಪಿಸಿದ ವರ್ಗೀಕರಣ ಅದು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ ಹೋಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಕೂಡ ಅದನ್ನೇ ಒಪ್ಪಿಕೊಂಡಿತು. ಬೆರ್ತಿಯೊಂ ಸಾಹೇಬರು ಕಲ್ಕತ್ತಾದ ಆ ಇಬ್ಬರ ಮಾತು ಕೇಳಿದ್ದರೆ ಪೆರುಜಾ ಎರಡು ವರ್ಷ ಆರಾಮಾಗಿ ಪ್ಯಾರಿಸ್ಸಿನ ಬಾಡಿಗೆ ಕೋಣೆಯಲ್ಲಿ ಮೋನಾಲಿಸಾಳೊಂದಿಗೆ ಸಂಸಾರ ಹೂಡುತ್ತಿರಲಿಲ್ಲ ಅನ್ನುವುದು ನನ್ನ ಗುಮಾನಿ. ಕೊನೆಗೆ 1913ರ ಡಿಸೆಂಬರಿನಲ್ಲಿ ಅವನು ಫ್ಲಾರೆನ್ಸಿನಲ್ಲಿ ಸಿಕ್ಕಿದ್ದು ಚಿತ್ರ ಮಾರಲು ಹೋಗಿ, ತಾನಾಗಿಯೇ.

ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಆದರೆ ಫ್ರೆಂಚ್ ಪತ್ತೇದಾರಿ ಕತೆಯ ಬೇರೇ ಹೀಗೆ ಪೊಲೀಸ್ ಠಾಣೆಯಲ್ಲೂ ಜೈಲಿನಲ್ಲೂ ಸಿಕ್ಕಿಕೊಂಡಿದೆ. ನಕಲಿ ದಾಖಲೆ ಮಾಡಿ ಜೈಲು ಸೇರಿ, ಮತ್ತೆ ಮತ್ತೆ ತಪ್ಪಿಸಿಕೊಂಡ ಫ್ರಾಂಸ್ವಾ ವಿದೋಕ್ ಎಂಬ ಆಸಾಮಿ 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಅಪರಾಧ ಪತ್ತೆ ದಳಕ್ಕೇ ಮುಖ್ಯಸ್ಥನಾದ. ಕೈಕೆಳಗೆ ಇಟ್ಟುಕೊಂಡದ್ದೂ ಮಾಜಿ ಕೈದಿಗಳನ್ನೇ. ಬಾಲ್ಜಾಕ್ ಅವನಿಂದ ಒಂದು ಪಾತ್ರ ಮಾಡಿಕೊಂಡ. 1866ರಲ್ಲಿ ತನ್ನ ಮೊದಲ ಪತ್ತೇದಾರಿ ಕಾದಂಬರಿ ತಂದ ಎಮಿಲ್ ಗಬೋರಿಯೊನ ಪತ್ತೇದಾರ ಲೆಕಾಕ್ ಮೇಲೂ ವಿದೋಕನ ನೆರಳಿದೆ. ಈ ಲೆಕಾಕ್‌ನನ್ನು ಷರ್ಲಾಕ್ ಹೋಮ್ಸ್ ತನ್ನ ಮೊದಲ ಕಾದಂಬರಿಯಲ್ಲೇ ಕೈಲಾಗದವನೆಂದು ಜರೆದ. ಲೆಬ್ಲಾಂ 1906ರಲ್ಲಿ ಆ ಬಾಕಿ ತೀರಿಸಿದ: ಹೋಮ್ಸ್‌ನನ್ನು ತನ್ನ ಕತೆಗೆ ಕರೆತಂದು, ಲೂಪಿನ್ ಕೈಯಲ್ಲಿ ಅವನ ಗಡಿಯಾರ ಕದಿಸಿ, ಪೊಟ್ಟಣ ಕಟ್ಟಿಸಿ ವಾಪಸು ಕಳಿಸಿದ. ಹೋಮ್ಸ್ ಕತೆಗಳ ಲೇಖಕ ಕಾನನ್ ಡಾಯ್ಲ್ ಆಕ್ಷೇಪಿಸಿದ. ಲೆಬ್ಲಾಂ ಎರಡು ಅಕ್ಷರ ಅದಲುಬದಲು ಮಾಡಿ ‘ಹರ್ಲಾಕ್ ಷೋಮ್ಸ್’ ಎಂದು ಇಟ್ಟು ಆಟ ಮುಂದುವರಿಸಿದ. ಇಂಥ ತರಲೆ ಇಂಗ್ಲಿಷರ ಪತ್ತೇದಾರಿಯಲ್ಲಿ ಅಪರೂಪ.

ಲೂಪಿನ್ ಕತೆಗಳ ಹೂರಣ ಗಟ್ಟಿಯೆಂದು ನಾನು ವಾದಿಸುವುದಿಲ್ಲ. ಕಾಕತಾಳೀಯಗಳು ವಿಪರೀತ, ವೇಷಗಳು ನಂಬಲಾಗದಂಥವು, ಹೆಂಗಸರಿಗೆ ಮೂರ್ಛೆ ಹೋಗುವುದೇ ಕೆಲಸ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ ತಲೆಮಾರಿಗೆ ಇದೇನೂ ತೊಡಕಲ್ಲ. ಆದರೆ ಅಗಾಥಾ ಕ್ರಿಸ್ಟಿಯಲ್ಲಿ ಕೊನೆಯ ಪುಟದ ಹೊತ್ತಿಗೆ ಲೆಕ್ಕ ಸರಿಹೋಗಿ ನ್ಯಾಯ ತನ್ನ ಜಾಗಕ್ಕೆ ಮರಳುತ್ತದೆ. ಫ್ರೆಂಚರಿಗೆ ಆ ಭರವಸೆ ಇದ್ದಂತಿಲ್ಲ. ಪೊಲೀಸಿನೊಳಗೆ ಕಳ್ಳ, ಕಳ್ಳನೊಳಗೆ ಪೊಲೀಸ್ ಇರುವುದು ಅವರಿಗೆ ಆಶ್ಚರ್ಯವೇ ಅಲ್ಲ. ಮೊನ್ನೆಮೊನ್ನೆ ಬರೆದ ಹಾಗೆ ಈ ಹಳೆಯ ಕತೆಗಳು ಓದಿಸಿಕೊಳ್ಳುವುದು ಅದಕ್ಕೇ ಅನ್ನಿಸುತ್ತದೆ.

ಇದೇ ಸಾಲಿನ ಲೇಖಕ ಜಾರ್ಜ್ ಸಿಮೆನಾನ್ ಹುಟ್ಟಿದ್ದು ಬೆಲ್ಜಿಯಂನ ಲಿಯೇಜ್‌ನಲ್ಲಾದರೂ, ಅವನ ಇನ್‌ಸ್ಪೆಕ್ಟರ್ ಮೆಗ್ರೆ ಪ್ಯಾರಿಸ್ ಪೊಲೀಸಿನವನು. 75 ಕಾದಂಬರಿ, 28 ಕತೆಗಳಲ್ಲಿ ಈತ ಪೈಪು ಸೇದುತ್ತಾ, ಬಿಯರು ತರಿಸುತ್ತಾ, ಕೊಲೆಗಾರನ ಬೀದಿಯಲ್ಲಿ ಸುಮ್ಮನೆ ಓಡಾಡುತ್ತಾನೆ. ಹಿಡಿದ ಮೇಲೂ ಗೆದ್ದ ಖುಷಿ ಮುಖದಲ್ಲಿ ಇರುವುದಿಲ್ಲ. 1931ರ ಫೆಬ್ರವರಿಯಲ್ಲಿ ಮೊದಲ ಮೆಗ್ರೆ ಪುಸ್ತಕಗಳ ಬಿಡುಗಡೆಗೆ ಸಿಮೆನಾನ್ ಮೋಂಪಾರ್ನಾಸ್‌ನ ನೃತ್ಯಶಾಲೆಯೊಂದರಲ್ಲಿ ಕೂಟ ಏರ್ಪಡಿಸಿದ. ಪ್ಯಾರಿಸ್ಸಿನ ಗಣ್ಯರೆಲ್ಲ ಬಾಗಿಲಲ್ಲಿ ಕೈದಿಗಳ ಹಾಗೆ ಬೆರಳಚ್ಚು ಒತ್ತಿ ಒಳಗೆ ಹೋಗಬೇಕಿತ್ತು! ಇಪ್ಪತ್ತು ವರ್ಷ ಕಳೆದು ಬಂದ ‘ಮೆಗ್ರೆಯ ನೆನಪುಗಳು’ ನನಗೆ ಎಲ್ಲಕ್ಕಿಂತ ಪ್ರಿಯ. ಅದರಲ್ಲಿ ಪಾತ್ರವೇ ಲೇಖಕನ ಮೇಲೆ ದೂರು ಹೇಳುತ್ತದೆ: ತಾನು ಎಂದೋ ಬಿಟ್ಟ ಬೌಲರ್ ಹ್ಯಾಟನ್ನು ಸಿಮೆನಾನ್ ವರ್ಷಗಟ್ಟಲೆ ತನ್ನ ತಲೆಯ ಮೇಲೇ ಉಳಿಸಿದನಂತೆ.

ಎಲ್ಲಿಂದ ಶುರುಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದು ಗಸ್ತೋನ್ ಲರೂ ಬರೆದ ‘ಹಳದಿ ಕೋಣೆಯ ರಹಸ್ಯ’. ‘ಫ್ಯಾಂಟಮ್ ಆಫ್ ದಿ ಆಪೆರಾ’ ಬರೆದವನೇ ಈತ. ಮೊದಲು ಪತ್ರಿಕಾ ವರದಿಗಾರನಾಗಿ ಕೋರ್ಟು ಕಚೇರಿ ಸುತ್ತಿದ್ದವನು. ಒಳಗಿನಿಂದ ಚಿಲಕ ಹಾಕಿದ ಕೋಣೆ, ಕಿಟಕಿಗೆ ಸರಳು, ಒಳಗೆ ಹಲ್ಲೆಗೊಳಗಾದ ಹೆಣ್ಣುಮಗಳು. ಹಲ್ಲೆಕೋರ ಮಾತ್ರ ಇಲ್ಲ. ಬಿಡಿಸಲು ಬರುವವರು ಇಬ್ಬರು: ಹದಿನೆಂಟರ ವರದಿಗಾರ ರುಲ್ತಬೀ, ಮತ್ತು ಹೆಸರಾಂತ ಪೊಲೀಸ್ ಪತ್ತೇದಾರ ಲಾರ್ಸಾನ್. ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ. ಮುನ್ನುಡಿಯನ್ನು ಮಾತ್ರ ಓದಬೇಡಿ, ಇಂಥ ಪುಸ್ತಕಗಳ ಮುನ್ನುಡಿಕಾರರಿಗೆ ಬಾಯಿ ಬಿಗಿ ಇರುವುದಿಲ್ಲ. ಅಪರಾಧಿ ಯಾರೆಂದು ನಾನಂತೂ ಹೇಳುವವನಲ್ಲ. ಆದರೆ ಈ ಲೇಖನವನ್ನು ಇಲ್ಲಿಯವರೆಗೆ ಗಮನವಿಟ್ಟು ಓದಿದವರಿಗೆ ಅರ್ಧ ಸುಳಿವು ಆಗಲೇ ಸಿಕ್ಕಿಬಿಟ್ಟಿದೆ.