ನಿಮಗಿದು ಗೊತ್ತೆ? ಪಿಕಪ್ ಗಾಡಿಯಲ್ಲೊಂದು ಹ್ಯಾಮ್ ರೇಡಿಯೊ

ಕಡಲೆಕಾಯಿ ಮೂಟೆ ಹೊರುವ ಪಿಕಪ್ ಗಾಡಿ ಸಂಚಾರಿ ಹ್ಯಾಮ್ (ಹವ್ಯಾಸಿ) ರೇಡಿಯೊ ನಿಲಯವೂ ಆಗಬಲ್ಲದು. 50 ವ್ಯಾಟ್‌ನ ಸೆಟ್ಟು ಮಾತಾಡುವಾಗ 10 ಆಂಪಿಯರ್‌ಗಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡಿನ ಲೈಟರ್ ಸಾಕೆಟ್ಟನ್ನು ನಂಬಬೇಡಿ. ದಪ್ಪ ವೈರನ್ನು ನೇರ ಬ್ಯಾಟರಿಯಿಂದಲೇ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಬೇಕು. ಆಂಟೆನಾಗೆ ಒಳ್ಳೆಯ ಜಾಗ ಕ್ಯಾಬಿನ್ ಚಾವಣಿಯ ನಟ್ಟನಡುವೆ. ಸುತ್ತಲಿನ ತಗಡೇ ಅದರ ಇನ್ನರ್ಧದಂತೆ ಕೆಲಸ ಮಾಡುತ್ತದೆ. 145 ಮೆಗಾಹರ್ಟ್ಸ್‌ಗೆ ಸುಮಾರು ಅರ್ಧ ಮೀಟರ್ ಉದ್ದದ ಸರಳು ಸಾಕು.

ಈ ಕಂಪನಾಂಕದ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರ ಹಾದಿ ಹಿಡಿಯುವಂಥವು. ಮಧುಗಿರಿಯ ಏಕಶಿಲಾ ಬೆಟ್ಟ ಅಡ್ಡ ಬಂದರೆ ಮಾತು ಕಡಿದುಹೋಗಬಹುದು. ಶಿರಾ ಬಯಲಿನ ದಿಬ್ಬದ ಮೇಲೆ ಗಾಡಿ ನಿಲ್ಲಿಸಿದರೆ ಅದೇ ಸೆಟ್ಟು ದೂರದವರೆಗೂ ಕೇಳಿಸುತ್ತದೆ.

ಸೆಟ್ಟು ಕೊಂಡ ಮಾತ್ರಕ್ಕೆ ಮಾತಾಡುವಂತಿಲ್ಲ. 12 ವರ್ಷ ತುಂಬಿದವರು ಪರೀಕ್ಷೆ ಪಾಸಾಗಿ ಕೇಂದ್ರ ಸರ್ಕಾರದ ಪರವಾನಗಿ ಪಡೆಯಬೇಕು. ಆಗ ‘ವಿಯು’ ಎಂದು ಶುರುವಾಗುವ ಕರೆ ಸಂಕೇತ ಸಿಗುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ತರಬೇತಿ ಕೊಡುತ್ತದೆ. ಆದರೆ ಹ್ಯಾಮ್‌ನಲ್ಲಿ ವ್ಯಾಪಾರದ ಮಾತು ನಿಷಿದ್ಧ: ಮಂಡಿಯ ದರ ಕೇಳಲು ಮೊಬೈಲೇ ಗತಿ!